ತಂತಿಗೆ ಚುಚ್ಚಿದ ಕಂದಾಯ ರಸೀದಿ

ದಾವಣಗೆರೆಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮನೆ ಮಾಲೀಕರ ಮುಂದೆ ಆಡಿದ ಮಾತುಗಳ ಬರಹ ರೂಪವಿದು. ಅಂದು ಬರಲಾಗದವರು ಬರೆದು ಕೊಡಿ ಎಂದು ಕೇಳಿದ್ದರಿಂದ, ಮಾತಿನಲ್ಲಿ ಬಿಟ್ಟುಹೋಗಿದ್ದ ಒಂದೆರಡು ಲೆಕ್ಕಗಳನ್ನೂ ಸೇರಿಸಿದ್ದೇನೆ.

ಹಿರಿಯರೇ, ಅಕ್ಕಂದಿರೇ, ನೆರೆಹೊರೆಯವರೇ,

ಈ ಮೇಜಿನ ಮೇಲೆ ಇಟ್ಟಿರುವುದು ನಮ್ಮ ತಂದೆಯವರ ರಸೀದಿ ತಂತಿ. ಕೆಳಗೊಂದು ಮರದ ಬಿಲ್ಲೆ, ಮೇಲೆ ಕೊಕ್ಕೆಯ ಹಾಗೆ ಬಾಗಿದ ತುದಿ. ಚೌಕಿಪೇಟೆಯ ಹಳೆಯ ಅಂಗಡಿಗಳಲ್ಲಿ ನೀವೆಲ್ಲ ಇಂಥದ್ದನ್ನು ನೋಡಿದ್ದೀರಿ. ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಮನೆ ಕಂದಾಯದ ರಸೀದಿ ಎಲ್ಲವನ್ನೂ ಅವರು ಇದಕ್ಕೇ ಚುಚ್ಚುತ್ತಿದ್ದರು. 2011ರಲ್ಲಿ ಅವರು ತೀರಿಕೊಂಡರು. 2019ರಲ್ಲಿ ಮಗಳ ಓದಿಗೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಮನೆಯ ಖಾತಾ ಉದ್ಧೃತ, ಅಂದರೆ ಪಾಲಿಕೆಯ ವಹಿಯಲ್ಲಿ ಮನೆಯ ಬಗ್ಗೆ ಇರುವ ವಿವರದ ನಕಲು, ತನ್ನಿ ಎಂದರು. ಮನೆಗೆ ಬಂದು ತಂತಿಯನ್ನು ಇಳಿಸಿ ಕುಳಿತೆ. ಕಂದಾಯದ ರಸೀದಿಗಳು 19 ಇದ್ದವು. ತಂದೆಯವರು ಎಷ್ಟು ಅಚ್ಚುಕಟ್ಟಿನವರೆಂದರೆ, ಅವರು ಇದ್ದಷ್ಟು ಕಾಲ ಒಂದು ವರ್ಷವೂ ತಪ್ಪಿರಲಿಲ್ಲ. ಆದರೆ ಪ್ರತಿ ಸಲವೂ ಕಾಗದವನ್ನು ಮೇಲಿನ ಬಲಮೂಲೆಯಲ್ಲೇ ಚುಚ್ಚಿದ್ದರು. ತೆರಿಗೆಗಾಗಿ ಮನೆಗೆ ಕೊಟ್ಟ ಅಸೆಸ್‌ಮೆಂಟ್ ನಂಬರ್ ಬರೆಯುವ ಜಾಗವೂ ಅದೇ. ತುಕ್ಕು ಹಿಡಿದ ತೂತಿನ ಸುತ್ತ ಒಂದರಲ್ಲಿ ಮೊದಲ ಎರಡು ಅಂಕಿ, ಇನ್ನೊಂದರಲ್ಲಿ ಕೊನೆಯ ಒಂದು ಅಂಕಿ ಉಳಿದಿದ್ದವು. ರಸೀದಿಯನ್ನು ಒಂದರ ಮೇಲೊಂದು ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಆ ನಂಬರನ್ನು ಕೂಡಿಸಿಕೊಳ್ಳಲು ನನಗೆ ಒಂದು ಸಂಜೆ ಹಿಡಿಯಿತು.

ನಂಬರ್ ಸಿಕ್ಕಿತು. ಅದನ್ನು ಹಿಡಿದು ಪಾಲಿಕೆ ಕಚೇರಿಗೆ ಹೋಗಿ ನಮ್ಮ ಮನೆಯ ದಾಖಲೆಯನ್ನು ಮೊದಲ ಬಾರಿಗೆ ಓದಿದೆ. ಅಲ್ಲಿದ್ದ ಮನೆ ನಮ್ಮ ಮನೆಯಾಗಿರಲಿಲ್ಲ. ಮಾಲೀಕರ ಹೆಸರು ಎಂಟು ವರ್ಷದ ಹಿಂದೆ ತೀರಿಕೊಂಡವರದ್ದು. 2006ರಲ್ಲಿ ನಾವು ಕಟ್ಟಿಸಿದ ಮೊದಲ ಮಹಡಿ ದಾಖಲೆಯಲ್ಲಿ ಇರಲೇ ಇಲ್ಲ. ನಾನು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು. ವಕೀಲನಲ್ಲ, ಕಂದಾಯ ಇಲಾಖೆಯಲ್ಲಿ ಇದ್ದವನೂ ಅಲ್ಲ. ಆದರೂ ಈ ವಿಷಯ ಮಾತಾಡಲು ಇಲ್ಲಿ ನಿಂತಿರುವುದು ಆ ದಿನದಿಂದಾಗಿ. ರಸೀದಿ ಹೇಳುವುದು ಹಣ ಸಂದಿದೆ ಎಂಬುದನ್ನು ಮಾತ್ರ. ನಿಮ್ಮ ಮನೆಯ ಬಗ್ಗೆ ಕಚೇರಿ ಏನು ತಿಳಿದುಕೊಂಡಿದೆ ಎಂಬುದು ಇರುವುದು ವಹಿಯಲ್ಲಿ. ನಾವು ರಸೀದಿಯನ್ನು ಜೋಪಾನ ಮಾಡುತ್ತೇವೆ, ವಹಿಯನ್ನು ಓದುವುದಿಲ್ಲ.

ಮೊದಲು ಒಂದು ಮಾತನ್ನು ಬಿಡಿಸಿ ಹೇಳಬೇಕು. ಮನೆ ಕಂದಾಯವನ್ನು ಯಾರೋ ಅಧಿಕಾರಿ ಬಂದು ನಿಗದಿ ಮಾಡಿ ಹೋಗಿದ್ದಾರೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. 2002–03ರವರೆಗೆ ಹೆಚ್ಚುಕಡಿಮೆ ಹಾಗೆಯೇ ಇತ್ತು. ಆ ವರ್ಷದಿಂದ ರಾಜ್ಯದ ನಗರಗಳಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂತು. ನಿವೇಶನ ಎಷ್ಟು, ಕಟ್ಟಡ ಎಷ್ಟು, ಯಾವ ವರ್ಷ ಕಟ್ಟಿದ್ದು, ಆರ್‌ಸಿಸಿಯೋ ಹೆಂಚಿನದೋ ತಗಡಿನದೋ, ಸ್ವಂತ ವಾಸಕ್ಕೋ ಬಾಡಿಗೆಗೋ ಅಂಗಡಿಗೋ, ಇವೆಲ್ಲವನ್ನೂ ನಾವೇ ಬರೆದು, ನಾವೇ ಲೆಕ್ಕ ಹಾಕಿ, ನಾವೇ ಸಹಿ ಮಾಡುತ್ತೇವೆ. ಬಿಲ್ ಕಲೆಕ್ಟರ್ ತುಂಬಿಕೊಟ್ಟ ನಮೂನೆಗೆ ನೀವು ಓದದೆ ಸಹಿ ಹಾಕಿದ್ದರೂ ಕಾನೂನಿನ ಕಣ್ಣಿಗೆ ಅದು ನಿಮ್ಮ ಮಾತು. ನಮ್ಮ ಮೊದಲ ಮಹಡಿ ದಾಖಲೆಯಲ್ಲಿ ಇರಲಿಲ್ಲವೆಂದರೆ ಅದು ಕಚೇರಿಯ ತಪ್ಪಲ್ಲ. ನಾವು ಹೇಳಿರಲಿಲ್ಲ, ಅಷ್ಟೇ.

ಹೇಳದೆ ಇದ್ದುದರಿಂದ ನಮಗೆ ತೆರಿಗೆ ಉಳಿಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಕಪ್ಪು ಹಲಗೆಯ ಮೇಲೆ ಬರೆದ ಈ ಲೆಕ್ಕವನ್ನು ನೋಡಿ. ವರ್ಷಕ್ಕೆ ವ್ಯತ್ಯಾಸ 600 ರೂಪಾಯಿ ಎಂದು ಇಟ್ಟುಕೊಳ್ಳೋಣ. 13 ವರ್ಷಕ್ಕೆ 7,800 ರೂಪಾಯಿ. ಜೂನ್ ದಾಟಿದ ಬಾಕಿಗೆ ಜುಲೈನಿಂದ ತಿಂಗಳಿಗೆ ಶೇ 2ರಂತೆ ದಂಡ. ಅಂದರೆ ಆಯಾ ವರ್ಷದ ಮಾರ್ಚ್‌ವರೆಗೆ ಒಂಬತ್ತು ತಿಂಗಳು, ಶೇ 18. ಆಮೇಲಿನ ಪ್ರತಿ ವರ್ಷಕ್ಕೆ ಶೇ 24. ಹದಿಮೂರೂ ವರ್ಷದ್ದನ್ನು ಚಕ್ರಬಡ್ಡಿಯಿಲ್ಲದೆ ಸರಳವಾಗಿ ಕೂಡಿಸಿದರೆ ದಂಡವೇ 12,636 ರೂಪಾಯಿ ಆಗುತ್ತದೆ. ತೆರಿಗೆಗಿಂತ ದಂಡ ದೊಡ್ಡದು. ಅದೂ ಮಗಳ ಕಾಲೇಜು ಶುಲ್ಕ ಕಟ್ಟುವ ತಿಂಗಳಲ್ಲಿ ಮುಂದೆ ಬಂದು ನಿಂತರೆ ಹೇಗಿರುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ.

ಇದಕ್ಕೆ ವಿರುದ್ಧವಾದ ತಪ್ಪೂ ಇರುತ್ತದೆ. ಹತ್ತಿರದ ಒಂದು ಪಟ್ಟಣದಲ್ಲಿರುವ ನಮ್ಮ ಸಂಬಂಧಿಕರ ಮನೆಗೆ ಕಂದಾಯ ಇದ್ದಕ್ಕಿದ್ದಂತೆ ಹಲವು ಪಟ್ಟು ಏರಿತು. ಮೂರು ವರ್ಷ ಬೈದುಕೊಂಡೇ ಕಟ್ಟಿದರು. ಕಾಗದವನ್ನು ನನ್ನ ಕೈಗೆ ಕೊಟ್ಟಾಗ ವಿಸ್ತೀರ್ಣದ ಕಾಲಮ್ಮಿನಲ್ಲಿ 1,200 ಎಂದಿತ್ತು. ಮೂವತ್ತು ನಲವತ್ತರ ನಿವೇಶನ, 1,200 ಚದರ ಅಡಿ, ಸರಿಯಾಗಿಯೇ ಇದೆಯಲ್ಲ ಎಂದು ಅವರು ಅಂದುಕೊಂಡಿದ್ದರು. ಆದರೆ ಕಾಲಮ್ಮಿನ ತಲೆಯಲ್ಲಿ ಇದ್ದದ್ದು ಚದರ ಮೀಟರ್! ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ. ಮೂವತ್ತು ನಲವತ್ತರ ನಿವೇಶನ 111.48 ಚದರ ಮೀಟರ್ ಆಗಬೇಕು. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ, ಏಕೆಂದರೆ ನಮ್ಮ ಬಡಾವಣೆಯ ಮುಕ್ಕಾಲು ಪಾಲು ನಿವೇಶನಗಳು ಇದೇ ಅಳತೆಯವು. ಉದ್ದಗಲ ಬರೆದಿದ್ದರೆ ಮೂವತ್ತು ಅಡಿ 9.14 ಮೀಟರ್, ನಲವತ್ತು ಅಡಿ 12.19 ಮೀಟರ್. ನಿಮ್ಮ ಕಾಗದದಲ್ಲಿ ಹೀಗಿದೆಯೇ ಎಂದು ಮನೆಗೆ ಹೋದ ಕೂಡಲೇ ನೋಡಿ.

ಹಳೇಪೇಟೆಯ ಕಡೆಯಿಂದ ಬಂದವರಿಗೆ ಇನ್ನೊಂದು ತೊಡಕು ಇರುತ್ತದೆ. ಅಲ್ಲಿನ ಹಳೆಯ ಪತ್ರಗಳಲ್ಲಿ ಅಡಿಯೂ ಇಲ್ಲ, ಮೀಟರೂ ಇಲ್ಲ. ‘ಮೂರು ಅಂಕಣದ ಮನೆ, ಹಿತ್ತಲು ಸಮೇತ’ ಎಂದಿರುತ್ತದೆ. ಎರಡು ತೊಲೆಗಳ ನಡುವಿನ ಜಾಗ ಅಂಕಣ. ಮರ ಸಿಕ್ಕಷ್ಟು ಉದ್ದಕ್ಕೆ ಅಂಕಣ, ಹಾಗಾಗಿ ಒಂದು ಮನೆಯ ಅಂಕಣದಷ್ಟೇ ಇನ್ನೊಂದು ಮನೆಯದು ಇರುತ್ತದೆ ಎನ್ನಲಾಗದು. ಅಂಥ ಪತ್ರದಲ್ಲಿ ಜೀವ ಇರುವುದು ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ಚರಂಡಿ, ದಕ್ಷಿಣಕ್ಕೆ ಇಂಥವರ ಹಿತ್ತಲು. ಆ ಹೆಸರಿನವರು ಈಗ ಯಾರೂ ಇಲ್ಲದಿರಬಹುದು. ಯಾರ ಮಕ್ಕಳು ಯಾರು, ಆ ಹಿತ್ತಲು ಆಮೇಲೆ ಯಾರಿಗೆ ಹೋಯಿತು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ನನ್ನ ತಂದೆಗೆ ಎಲ್ಲ ಗೊತ್ತಿತ್ತು. ನಾನು ಕೇಳಲಿಲ್ಲ.

ಈಗ ತೆರಿಗೆಯ ಮೊತ್ತ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಬರೋಣ. ಮುದ್ರಾಂಕ ಮತ್ತು ನೋಂದಣಿ ಇಲಾಖೆ ಪ್ರತಿ ಬಡಾವಣೆಗೆ, ಪ್ರತಿ ರಸ್ತೆಗೆ ಒಂದು ಮಾರ್ಗಸೂಚಿ ಬೆಲೆಯನ್ನು ಪ್ರಕಟಿಸುತ್ತದೆ. ಮನೆ ಕೊಳ್ಳುವಾಗ ಮುದ್ರಾಂಕ ಶುಲ್ಕಕ್ಕೆ ನೋಡುವ ಬೆಲೆಯೇ ಅದು. ನಗರಗಳ ಆಸ್ತಿ ತೆರಿಗೆ ಹಿಂದೆ ಆ ಬೆಲೆಯ ಶೇ 50ರ ಮೇಲೆ ನಿಂತಿತ್ತು. 2021ರ ಹೊತ್ತಿಗೆ ಬಂದ ತಿದ್ದುಪಡಿಯ ನಂತರ ಶೇ 25ರ ಮೇಲೆ ನಿಂತಿದೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯುತ್ತಾರೆ. ಆದ್ದರಿಂದಲೇ ‘ಕಟ್ಟಿದ ವರ್ಷ’ ಎಂಬ ಕಾಲಮ್ಮಿಗೆ ಬೆಲೆಯಿದೆ. 1987ರಲ್ಲಿ ಕಟ್ಟಿದ ಮನೆಗೆ 2007 ಎಂದು ಬಿದ್ದಿದ್ದರೆ ಇಪ್ಪತ್ತು ವರ್ಷದ ಸವಕಳಿಯನ್ನು ನೀವು ಕಳೆದುಕೊಂಡಿದ್ದೀರಿ. ಪಿ.ಜೆ. ಬಡಾವಣೆಯ ಮುಖ್ಯರಸ್ತೆಗೂ ಊರ ಅಂಚಿನ ಅಡ್ಡರಸ್ತೆಗೂ ಬೆಲೆಯಲ್ಲಿ ಬಹಳ ಅಂತರ ಇರುವುದರಿಂದ ರಸ್ತೆಯ ಹೆಸರು ತಪ್ಪಿದ್ದರೂ ಹೊರೆ ಬದಲಾಗುತ್ತದೆ.

ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕರಗಳ ಸಾಲು ಇರುತ್ತದೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ತೆರಿಗೆ 2,000 ರೂಪಾಯಿ ಇದ್ದರೆ ಇವು ಕ್ರಮವಾಗಿ 300, 120, 60. ನಗರ ಸಾರಿಗೆ ಕರ ಶೇ 2, ಅಂದರೆ 40 ರೂಪಾಯಿ. ಘನತ್ಯಾಜ್ಯದ್ದು ಬೇರೆ. ಗ್ರಂಥಾಲಯ ಕರವನ್ನು ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ನಮ್ಮ ಮಕ್ಕಳು ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತು ಓದುವ ಸಾರ್ವಜನಿಕ ಗ್ರಂಥಾಲಯದ ಮೇಜು ಕುರ್ಚಿಗೆ ಈ ಊರಿನ ಪ್ರತಿ ಮನೆಯಿಂದ ಹಣ ಹೋಗುತ್ತದೆ. ಹಾಗೆಯೇ ಅಲ್ಲಿ ಪುಸ್ತಕ ಇಲ್ಲವೆಂದರೆ ಕೇಳುವ ಹಕ್ಕೂ ಪ್ರತಿ ಮನೆಗೆ ಇದೆ.

ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಇದು ನಿಮಗೆಲ್ಲ ಗೊತ್ತಿರುವುದೇ.

ಹೆಸರಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ತೀರಿಕೊಂಡವರ ಹೆಸರಿನಲ್ಲೇ ಹತ್ತು, ಹದಿನೈದು ವರ್ಷ ಕಂದಾಯ ಕಟ್ಟುತ್ತಾ ಹೋಗುವ ಮನೆಗಳು ಇಲ್ಲಿ ಎಷ್ಟಿವೆ ಎಂದು ನನಗೆ ಗೊತ್ತು, ಏಕೆಂದರೆ ನಮ್ಮದೂ ಒಂದಾಗಿತ್ತು. ಹಣ ಕಟ್ಟಿಸಿಕೊಳ್ಳುವಾಗ ಯಾರೂ ಕೇಳುವುದಿಲ್ಲ. ಪೌತಿ ಖಾತೆ ಮಾಡಿಸಲು, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯ ಬಾಕಿ ಇಲ್ಲದ ರಸೀದಿ ಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಹೆಸರೂ ವಂಶವೃಕ್ಷದಲ್ಲಿ ಬರಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ವಂಶವೃಕ್ಷ ಮಾಡಿಸುವವರಿದ್ದಾರೆ. ಅದು ಅನ್ಯಾಯ. ಮಗಳಿಗೆ ಮಗನಷ್ಟೇ ಪಾಲು ಇರುವ ಕಾನೂನಿನ ಮುಂದೆ ಅದು ನಿಲ್ಲುವುದೂ ಇಲ್ಲ. ಅವರು ತಮ್ಮ ಪಾಲನ್ನು ಮನಸಾರೆ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಖುಲಾಸೆ ಪತ್ರ ಮಾಡಿಕೊಡುತ್ತಾರೆ. ಅವರನ್ನು ಇಲ್ಲವೆನ್ನುವುದು ಬೇರೆಯೇ ಕೆಲಸ. ನಮ್ಮ ಮನೆಯಲ್ಲಿ ತಾಯಿಯ ಹೆಸರನ್ನೂ ತಂಗಿಯ ಹೆಸರನ್ನೂ ಸೇರಿಸಿ ಜಂಟಿ ಖಾತೆ ಮಾಡಿಸಿದೆವು. ಹೊಸ ಉದ್ಧೃತ ಬಂದ ದಿನ ಅಮ್ಮ ಅದನ್ನು ಕೈಗೆ ತೆಗೆದುಕೊಂಡು ತಮ್ಮ ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆ ಮನೆಗೆ ನೀರು ಹೊತ್ತು ಗೋಡೆ ನೆನೆಸಿದವರು ಅವರು.

ಇನ್ನು ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವ ಮಾತು. ಖಾತೆ ನನ್ನ ಹೆಸರಿಗಿದೆ, ಆದ್ದರಿಂದ ಮನೆ ನನ್ನದು ಎನ್ನುತ್ತೇವೆ. ಹಾಗಲ್ಲ. ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ಕಚೇರಿ ಬರೆದಿಟ್ಟುಕೊಂಡದ್ದು ಖಾತೆ. ಖಾತೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಹೈಕೋರ್ಟೂ ಸುಪ್ರೀಂ ಕೋರ್ಟೂ ಮತ್ತೆ ಮತ್ತೆ ಹೇಳಿವೆ. ಮಾಲೀಕತ್ವ ಬರುವುದು ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಾರಸುದಾರಿಕೆ ಇಂಥವುಗಳಿಂದ. ಆ ಪತ್ರಗಳ ಚರಿತ್ರೆ ಇರುವುದು ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ. ಅಲ್ಲಿಂದ ಋಣಭಾರ ಪ್ರಮಾಣಪತ್ರ ತೆಗೆಯಿರಿ, ನಾವೆಲ್ಲ ಇಸಿ ಎನ್ನುವುದು ಅದನ್ನೇ. ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ ನಂತರದ ವಹಿವಾಟು ಮನೆಯಲ್ಲೇ ಕುಳಿತು ನೋಡಬಹುದು, ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಅರ್ಜಿ ಹಾಕಬೇಕು. ನಮೂನೆ 15 ಬಂದರೆ ಆ ಅವಧಿಯಲ್ಲಿ ವಹಿವಾಟು ಇದೆ ಎಂದರ್ಥ, ನಮೂನೆ 16 ಬಂದರೆ ಇಲ್ಲ ಎಂದರ್ಥ. ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾ, ಹಂಚಿದ ನಿವೇಶನವಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ ಇರಬೇಕು. ಹೊಲ ಒಡೆದು ಮಾಡಿದ ಬಡಾವಣೆಯಾದರೆ ಭೂಪರಿವರ್ತನೆಯ ಆದೇಶ ಮತ್ತು ಅನುಮೋದಿತ ವಿನ್ಯಾಸ ನಕ್ಷೆ ಇರಬೇಕು. ಇಷ್ಟೂ ಕಾಗದಗಳನ್ನು ಒಟ್ಟಿಗೆ ಹರಡಿಕೊಂಡು, ಹೆಸರು, ಅಳತೆ, ಚೆಕ್ಕುಬಂದಿ, ಸರ್ವೆ ನಂಬರ್ ಎಲ್ಲದರಲ್ಲೂ ಒಂದೇ ಇದೆಯೇ ಎಂದು ಪೆನ್ಸಿಲ್ ಹಿಡಿದು ನೋಡಿ. ತಂದೆಯ ಹೆಸರಿನ ಮುಂದಿನ ಒಂದು ಇನಿಷಿಯಲ್ ಬೇರೆಯಿದ್ದರೂ ಪಕ್ಕದಲ್ಲಿ ಗುರುತು ಹಾಕಿ. ಅಫಿಡವಿಟ್ ಮಾಡಿಸಿ ಸರಿಪಡಿಸುವುದು ಇವತ್ತು ಅರ್ಧ ದಿನದ ಕೆಲಸ.

ಇವತ್ತು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಕೈಬರಹದ ಖಾತೆಯ ಮೇಲೆ ಮಾರಾಟವಾಗಲಿ ದಾನವಾಗಲಿ ನಡೆಯುವುದಿಲ್ಲ. ದಾವಣಗೆರೆ ಮಹಾನಗರ ಪಾಲಿಕೆಯಾದ್ದರಿಂದ ನಮ್ಮ ಇ-ಆಸ್ತಿ ಪತ್ರ ನಮೂನೆ 2. ಹರಿಹರದಂಥ ನಗರಸಭೆಗಳಲ್ಲಿ ಅದೇ ನಮೂನೆ 3. ಅನುಮೋದನೆಯಿಲ್ಲದ ಬಡಾವಣೆಯ ಮನೆಗಳಿಗೆ 2025ರಿಂದ ಬಿ-ಖಾತೆ ಕೊಡಲು ಶುರು ಮಾಡಿದರು. ಅದು ಇಲ್ಲಿ ನಮೂನೆ 2ಎ, ಅಲ್ಲಿ 3ಎ. ಅದಕ್ಕೆ 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಪತ್ರ, ಇಸಿ, ಕಂದಾಯ ರಸೀದಿ, ಮಾಲೀಕರ ಫೋಟೊ ಮತ್ತು ಗುರುತಿನ ಚೀಟಿ ಕೇಳುತ್ತಾರೆ. ಬಿ-ಖಾತೆ ಸಿಕ್ಕರೆ ಬಡಾವಣೆ ಸಕ್ರಮವಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೆರಿಗೆಯ ಜಾಲದೊಳಗೆ ಬಂದಿದ್ದೀರಿ ಎಂದಷ್ಟೇ ಅದರ ಅರ್ಥ. ಆದರೂ ಮಾಡಿಸಿಕೊಳ್ಳಿ ಎನ್ನುತ್ತೇನೆ, ಕಾಗದವೇ ಇಲ್ಲದ ಮನೆಗಿಂತ ಅದು ಎಷ್ಟೋ ಮೇಲು. ಪಂಚಾಯಿತಿ ವ್ಯಾಪ್ತಿಯಲ್ಲಿ ಮನೆ ಇರುವವರಿಗೆ ಇ-ಸ್ವತ್ತು ಎಂಬ ಗಣಕೀಕೃತ ದಾಖಲೆ ಇದೆ. ನಮೂನೆ 9ರ ಜೊತೆಗೆ 11ಎ ಇದೆಯೋ, ಅಥವಾ ಬರೀ 11ಬಿ ಇದೆಯೋ ಎಂದು ನೋಡಿ. ಮೊದಲನೆಯದಾದರೆ ನಿಮ್ಮ ಮನೆ ಸಕ್ರಮದ ಸಾಲಿನಲ್ಲಿ, ಎರಡನೆಯದಾದರೆ ಅನುಮೋದನೆಯಿಲ್ಲದ ಸಾಲಿನಲ್ಲಿ ನಿಂತಿದೆ.

ದಾಖಲೆ ಕೇಳುವಾಗ ಬಾಯಿಮಾತಿನಲ್ಲಿ ಕೇಳಬೇಡಿ. ಒಂದು ಬಿಳಿ ಹಾಳೆಯಲ್ಲಿ ಆಸ್ತಿಯ ಗುರುತಿನ ಸಂಖ್ಯೆ (ಪಿಐಡಿ), ಡೋರ್ ನಂಬರ್, ಏನು ತಪ್ಪಾಗಿದೆ, ಏನಿರಬೇಕಿತ್ತು ಎಂದು ನಾಲ್ಕು ಸಾಲು ಬರೆದು, ಆಧಾರ ಪತ್ರದ ಜೆರಾಕ್ಸ್ ಇಟ್ಟು, ಎರಡನೇ ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಿ. ಖಾತೆಯ ಸೇವೆಗಳು ನಿಗದಿತ ದಿನದೊಳಗೆ ಕೆಲಸ ಮಾಡಿಕೊಡಬೇಕೆಂಬ ‘ಸಕಾಲ’ ಯೋಜನೆಯಲ್ಲಿ ಸೇರಿವೆ, ಅರ್ಜಿಯ ಸಕಾಲ ಸಂಖ್ಯೆಯನ್ನೂ ಪಡೆಯಿರಿ. ಹಳೆಯ ವಹಿಯ ಪುಟವೇ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ದೃಢೀಕೃತ ನಕಲು ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಆದ್ದರಿಂದ ಕಷ್ಟಸುಖ ಬರೆಯದೆ, ಯಾವ ವರ್ಷದ, ಯಾವ ಮನೆಯ, ಯಾವ ವಹಿಯ ಪುಟ ಎಂಬುದನ್ನು ಮಾತ್ರ ಬರೆಯಿರಿ. ಕಿಟಕಿಯ ಆಚೆ ಕುಳಿತವರ ಬಗ್ಗೆಯೂ ಒಂದು ಮಾತು. 45 ವಾರ್ಡುಗಳ ಊರಿನ ಕಾಗದ ಅವರ ತಲೆಯ ಮೇಲಿದೆ. ನನ್ನ ಮೊದಲ ಮಹಡಿಯ ತೊಡಕನ್ನು ಬಿಡಿಸಿದ್ದು ಒಬ್ಬ ಕಿರಿಯ ನೌಕರರು, ಊಟದ ಹೊತ್ತು ಮೀರಿದ್ದರೂ ಹಳೆಯ ವಹಿಯ ಧೂಳು ಕೊಡವಿ ನನ್ನ ಮುಂದೆ ಹರಡಿ ತೋರಿಸಿದವರು.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಬಾಡಿಗೆಗೆ ಕೊಟ್ಟರೆ ತೆರಿಗೆ ಬೇರೆಯೇ ಎಂದು ಒಬ್ಬರು ಕೇಳಿದರು. ಬಳಕೆ ಬದಲಾದರೆ ಘೋಷಣೆಯೂ ಬದಲಾಗಬೇಕು ಎಂದೆ. ಕೊನೆಯಲ್ಲಿ ಆವರಗೆರೆಯ ಹಿರಿಯರೊಬ್ಬರು ಎದ್ದು ನಿಂತರು. “ಮೇಷ್ಟ್ರೇ, ನಮ್ಮದು ಗ್ರಾಮಠಾಣಾದ ಮನೆ, ಹಳ್ಳಿಯ ಮೂಲ ವಾಸದ ಜಾಗದ್ದು. ಅಜ್ಜನ ಕಾಲದ್ದು. ಕ್ರಯಪತ್ರ ಅಂತ ಯಾವುದೂ ಇಲ್ಲ. ಊರು ನಗರಕ್ಕೆ ಸೇರುವ ಮೊದಲು ಪಂಚಾಯಿತಿಗೆ ಕಟ್ಟುತ್ತಿದ್ದೆವು. ನಾನು ಎಲ್ಲಿಂದ ಶುರು ಮಾಡಬೇಕು?” ಎಂದರು. ಪಂಚಾಯಿತಿಯ ಯಾವುದಾದರೂ ಒಂದು ಕಾಗದ ಇದೆಯೇ ಎಂದು ಕೇಳಿದೆ. ಅವರು ಬಗಲಚೀಲದಿಂದ ಪ್ಲಾಸ್ಟಿಕ್ ಹೊದಿಕೆಯೊಂದನ್ನು ತೆಗೆದರು. ಒಳಗೆ ಮಾಸಲು ಹಳದಿ ರಸೀದಿ, ನಾಲ್ಕಾಗಿ ಮಡಚಿದ್ದು. ಮಡಿಕೆಯಲ್ಲಿ ಹರಿಯದಂತೆ ಇಬ್ಬರೂ ಸೇರಿ ಮೇಜಿನ ಮೇಲೆ ಬಿಡಿಸಿದೆವು. ಅವರ ಅಜ್ಜನ ಹೆಸರು, ಮನೆ ನಂಬರ್, ಸಂದಾಯವಾದ ಹಣ ಮೂರೂ ಓದುವಂತಿದ್ದವು. ಇಲ್ಲಿಂದ ಶುರು ಮಾಡೋಣ ಎಂದು, ಆ ನಂಬರನ್ನು ಅವರ ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು.